ಚಕ್ರದಡಿಯ ನಿಂಬೆಹಣ್ಣು

ಹದಿನೇಳು ವರ್ಷ ನಾನು ದುಬೈಯ ಒಂದು ವಿಲ್ಲಾ ಕಮ್ಯುನಿಟಿಯಲ್ಲಿ ಜನರ ಮನೆ ಮುಂದೆ ನಿಂತ ಗಾಡಿಗಳಿಗೆ ನೋಟಿಸು ಅಂಟಿಸಿದೆ. ಗುರುತಿನ ಚೀಟಿಯಲ್ಲಿ ಇನ್‌ಸ್ಪೆಕ್ಟರ್ ಎಂದು ಬರೆದಿತ್ತು. ನಿವಾಸಿಗಳ ಬಾಯಲ್ಲಿ ನಾನು "ಆ ಸ್ಟಿಕ್ಕರ್ ಹೆಂಗಸು". ಈಗ ನಿವೃತ್ತಳಾಗಿ ದುಬೈಯದೇ ಹಳೆಯ ಬಡಾವಣೆ ಕರಾಮದಲ್ಲಿ ಮಗಳ ಫ್ಲಾಟಿನ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ. ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮೂರ ಕಡೆಯ ಇಬ್ಬರು ಹುಡುಗಿಯರು ಮೊನ್ನೆ ಬಂದಿದ್ದರು. "ಸುಗಂಧಿಯಕ್ಕ, ಟ್ರೈನಿಂಗಲ್ಲಿ ರೂಲ್ಸ್ ಎಲ್ಲ ಹೇಳಿದ್ರು. ಆ ಮನೆಯವರು ಎದುರು ಬಂದು ನಿಂತ್ರೆ ಎಂತ ಮಾಡುದು ಅಂತ ಮಾತ್ರ ಹೇಳ್ಲಿಲ್ಲ" ಎಂದರು. ಅವರಿಗಾಗಿಯೇ ಇದು.

ಮಗಳಿಗೆ ನಾನು ಬರೆಯುವುದು ಇಷ್ಟವಿಲ್ಲ. "ಅಮ್ಮಾ, ವೈ ಡು ಯು ವಾಂಟ್ ಟ್ರಬಲ್?" ಎನ್ನುತ್ತಾಳೆ. ನಾನು ಕೆಲಸದಲ್ಲಿ ಬೇಕೆಂದೇ, ಗೊತ್ತಿದ್ದೂ, ಮೂರು ವಾರ ಸುಳ್ಳು ವರದಿ ಬರೆದೆ. ಅದನ್ನು ಮುಚ್ಚಿಟ್ಟು ಉಳಿದದ್ದು ಬರೆ ಎಂದು ಅವಳ ಸಲಹೆ. ಮುಚ್ಚಿಡುವುದಾದರೆ ಬರೆಯುವುದು ಯಾಕೆ? ನನಗೆ ಅದರ ಬಗ್ಗೆ ನಾಚಿಕೆಯಿಲ್ಲ, ಪಶ್ಚಾತ್ತಾಪವೂ ಇಲ್ಲ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ನಮ್ಮ ಕಮ್ಯುನಿಟಿಯ ರೂಲ್ ಬುಕ್ಕಿನಲ್ಲಿ "ರಿಕ್ರಿಯೇಷನಲ್ ವೆಹಿಕಲ್" ಎಂದು ಒಂದು ಅಧ್ಯಾಯವಿತ್ತು. ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್, ಟ್ರೇಲರ್ ಮೇಲೆ ಕೂತ ದೋಣಿ, ಜೆಟ್ ಸ್ಕೀ, ಮರಳಿನಲ್ಲಿ ಓಡಿಸುವ ಬಗ್ಗಿ, ಇವೆಲ್ಲ ಆ ಗುಂಪಿಗೆ ಸೇರಿದವು. ಸಾಮಾನು ತುಂಬಿಸಲು, ಇಳಿಸಲು ಮಾತ್ರ ಮನೆ ಮುಂದೆ ನಿಲ್ಲಬಹುದು. ನಲವತ್ತೆಂಟು ಗಂಟೆ ಒಂದೇ ಜಾಗದಲ್ಲಿ ಅಲುಗಾಡದೆ ನಿಂತರೆ ನೋಟಿಸು. ನೋಟಿಸಿಗೂ ಜಗ್ಗದಿದ್ದರೆ ಕ್ರೇನು ಬಂದು ಎತ್ತಿಕೊಂಡು ಹೋಗಿ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಯಾರ್ಡಿನಲ್ಲಿ ಗೋದಾಮುಗಳ ನಡುವೆ ಇಡುತ್ತದೆ. ಒಂದು ಗಾಡಿ ಅಲುಗಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಕೇಳಿದರೆ ನಗು ಬರುತ್ತದೆ. ಹದಿನೇಳು ವರ್ಷ ನನ್ನ ಮನೆಯ ಒಲೆ ಉರಿದದ್ದು ಇದರಿಂದಲೇ.

ಕೆಲಸ ಕಲಿಸಿದವರು ಗೇಟಿನ ಸೂಪರ್‌ವೈಸರ್ ಹಮೀದಾಕ. ಮಂಗಳೂರು ಹತ್ತಿರದ ಫರಂಗಿಪೇಟೆಯ ಬ್ಯಾರಿ ಮುಸ್ಲಿಮರು. ಗಲ್ಫಿಗೆ ಬರುವ ಮೊದಲು ಊರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವರು. ಮೊದಲ ದಿನ ನಾನು ರೂಲ್ ಬುಕ್ಕಿನ ಆ ಅಧ್ಯಾಯವನ್ನು ಅವರಿಗೆ ಓದಿ ಹೇಳಿ, "ಮನರಂಜನಾ ವಾಹನ ಅಂತ ಅರ್ಥ" ಎಂದೆ.

"ಮನರಂಜನೆಯ ಗಾಡಿಯಾ? ಅಂದ್ರೆ ಆಟದ ಮೇಳದ ಬಸ್ಸಾ?" ಎಂದು ಕೇಳಿದರು. ನಮ್ಮ ಕಡೆ ಆಟ ಎಂದರೆ ಯಕ್ಷಗಾನ. ವೇಷದ ಪೆಟ್ಟಿಗೆ ಹೇರಿಕೊಂಡು ಊರೂರು ಸುತ್ತುವ ಆ ಬಸ್ಸು ಬಿಟ್ಟರೆ ಮನರಂಜನೆಗಾಗಿ ಗಾಡಿ ಇಟ್ಟುಕೊಂಡವರನ್ನು ನಾವಿಬ್ಬರೂ ಕಂಡಿರಲಿಲ್ಲ. ಅವತ್ತಿನಿಂದ ನಮ್ಮಿಬ್ಬರ ಮಾತಿನಲ್ಲಿ ಕ್ಯಾರವಾನಿಗೆ ಮೇಳದ ಬಸ್ಸು ಎಂದೇ ಹೆಸರು.

ಟಯರಿನ ವಾಲ್ವ್ ನೋಡುವ ವಿದ್ಯೆ ಅವರದೇ. ಗಾಳಿ ತುಂಬುವ ಆ ಪುಟ್ಟ ನಳಿಗೆಯನ್ನು ಗಡಿಯಾರದ ಮುಳ್ಳು ಎಂದುಕೊಳ್ಳಬೇಕು. ಎಡಚಕ್ರ ನಾಲ್ಕು ಗಂಟೆ, ಬಲಚಕ್ರ ಹನ್ನೊಂದು ಗಂಟೆ ಎಂದು ಡೈರಿಯಲ್ಲಿ ಬರೆದುಕೊಂಡು ಎರಡು ದಿನ ಬಿಟ್ಟು ಮತ್ತೆ ನೋಡಿದಾಗ ಎರಡೂ ಅಲ್ಲೇ ಇದ್ದರೆ ಗಾಡಿ ಕದಲಿಲ್ಲ ಎಂದು ಅರ್ಥ. "ಓನರ್ ಸುಳ್ಳು ಹೇಳ್ತಾನೆ ಅಕ್ಕ, ಟಯರ್ ಹೇಳುದಿಲ್ಲ" ಎನ್ನುತ್ತಿದ್ದರು ಹಮೀದಾಕ. ಹೊಸ ಹುಡುಗಿಯರೇ, ನಿಮ್ಮ ಕೈಗೆ ಟ್ಯಾಬ್ ಕೊಟ್ಟಿದ್ದಾರೆ, ಫೋಟೊದ ಮೇಲೆ ಗಂಟೆ, ನಿಮಿಷ ತಾನೇ ಬೀಳುತ್ತದೆ. ಆದರೂ ವಾಲ್ವ್ ನೋಡಲು ಕಲಿಯಿರಿ.

ನಾನು ಮಾಡಿದ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಸೇರಿದ ವರ್ಷವೇ ಒಂದು ಬೆಳಿಗ್ಗೆ ಪಾರ್ಕಿನ ಪಕ್ಕ ಉದ್ದನೆಯ ಬಿಳಿ ಬಸ್ಸು ನಿಂತಿತ್ತು. ಕಿಟಕಿಗೆಲ್ಲ ಪರದೆ, ಒಳಗೆ ಹಾಸಿಗೆ. ಇಂಥ ದೊಡ್ಡ ಬೇಟೆ ಸಿಕ್ಕಿತಲ್ಲ ಎಂದು ಹಿಗ್ಗಿ ಬಾಗಿಲಿಗೇ ನೋಟಿಸು ಬಡಿದೆ. ಅದು ರಕ್ತದಾನದ ಬಸ್ಸು. ಕರೆಸಿದ್ದು ನಮ್ಮ ಆಫೀಸೇ. ಒಳಗೆ ಹಾಸಿಗೆಯ ಮೇಲೆ ರಕ್ತ ಕೊಡುತ್ತ ಮಲಗಿದ್ದವರು ನಮ್ಮ ಮ್ಯಾನೇಜರ್. ಆ ಗೋಂದು ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಮಧ್ಯಾಹ್ನದವರೆಗೆ ನಾನು ಬಿಸಿನೀರು, ಬಟ್ಟೆ ಹಿಡಿದು ಆ ಬಾಗಿಲು ಉಜ್ಜಿದೆ. ಆಮೇಲೆ ಹಮೀದಾಕ ತಂದುಕೊಟ್ಟ ಜ್ಯೂಸು ಕುಡಿದು, ನಾನೂ ರಕ್ತ ಕೊಟ್ಟೆ.

ಮ್ಯಾನೇಜರ್ ಗ್ರಹಾಂ ಕೆಟ್ಟವರಲ್ಲ. ಎತ್ತರದ ಬ್ರಿಟಿಷ್ ಮನುಷ್ಯ, ಸ್ಕೇಲು ಇಟ್ಟು ಗೆರೆ ಎಳೆದಂತೆ ಮಾತು. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. "ಸುಗಂಧಿ, ಕಾಗದದಲ್ಲಿ ಏನಿದೆ?" ಎಂದು ಕೇಳುತ್ತಿದ್ದರು, ಅಷ್ಟೆ. ಕಾಗದದಲ್ಲಿ ಇಲ್ಲದ್ದು ಅವರ ಪಾಲಿಗೆ ಲೋಕದಲ್ಲೇ ಇಲ್ಲ. ಅಂಥವರ ಕೈಕೆಳಗೆ ಕೆಲಸ ಮಾಡುವುದು ಒಂದು ರೀತಿಯಲ್ಲಿ ಸುಲಭ, ಇನ್ನೊಂದು ರೀತಿಯಲ್ಲಿ ಪ್ರಾಣಸಂಕಟ.

ನಿವಾಸಿಗಳ ವಿಷಯಕ್ಕೆ ಬರುತ್ತೇನೆ. ಮೂರು ದೋಣಿ ಇಟ್ಟುಕೊಂಡಿದ್ದ ಒಬ್ಬ ಮಹಾಶಯ ನಾನು ಅಂಟಿಸಿದ ನೋಟಿಸನ್ನು ಕಿತ್ತು ನನ್ನ ಕಾಲ ಬುಡಕ್ಕೆ ಎಸೆದು, "ನೀನು ಎಲ್ಲಿ ವಾಸ ಮಾಡುತ್ತೀ?" ಎಂದು ಕೇಳಿದ.

"ಕರಾಮ."

"ಅಲ್ಲಿ ನಿನ್ನ ಕಾರು ಎಲ್ಲಿ ನಿಲ್ಲಿಸುತ್ತೀ?"

"ನನಗೆ ಕಾರಿಲ್ಲ. ಮೆಟ್ರೊದಲ್ಲಿ ಬಂದು, ಬಸ್ಸು ಹಿಡಿದು, ಆಮೇಲೆ ನಡೆದು ಬಂದಿದ್ದೇನೆ. ನಿಮ್ಮ ದೋಣಿಗೆ ಮಾತ್ರ ನಡೆಯಲು ಬರುವುದಿಲ್ಲ ಅಂತ ಕಾಣುತ್ತದೆ" ಎಂದೆ. ಅವನು ದೂರು ಕೊಟ್ಟ. ಗ್ರಹಾಂ ನನ್ನನ್ನು ಕರೆದು ಹಾಗೆ ಹೇಳಿದ್ದು ಹೌದೇ ಎಂದು ಕೇಳಿದರು. ಹೌದೆಂದೆ. ಅವರು ಬರೆದುಕೊಂಡರು. ನೋಟಿಸು ಎತ್ತಿಕೊಂಡು ಹೋಗಿ ಮತ್ತೆ ಅಂಟಿಸಿ ಬಂದೆ. ಕಾಲ ಬುಡಕ್ಕೆ ಎಸೆದದ್ದನ್ನು ಹಾಗೇ ಬಿಟ್ಟು ಬರಬಾರದು, ಇಲ್ಲವಾದರೆ ಮರುದಿನ ಆ ಬೀದಿಗೆ ಕಾಲಿಡಲಾಗುವುದಿಲ್ಲ.

ಊರಿನವರ ಮನೆ ಬಂದರೆ ಕಷ್ಟ ಬೇರೆ ತರಹ. ಹೆಸರಿನ ಫಲಕದಲ್ಲಿ ಶೆಟ್ಟಿ, ಸುವರ್ಣ, ಕೋಟ್ಯಾನ್ ಎಂದು ಕಂಡರೆ ನಾನು ತುಳು ಮರೆತವಳ ಹಾಗೆ ಇಂಗ್ಲಿಷಿನಲ್ಲೇ ಮಾತು ಮುಗಿಸಿ ಹೊರಡುತ್ತಿದ್ದೆ. ಒಂದು ಸಲ ಒಳಗೆ ಹೋಗಿ ಚಾ ಕುಡಿದರೆ ಮರುವಾರ ನೋಟಿಸು ಬರೆಯಲು ಕೈ ಏಳುವುದಿಲ್ಲ. ಇದನ್ನು ನಾನು ದೊಡ್ಡ ನಿಯತ್ತು ಎಂದುಕೊಂಡಿದ್ದೆ.

ಪ್ರಭಾಕರ ಸುವರ್ಣರ ಮನೆಯನ್ನೂ ಹಾಗೇ ದಾಟಿಕೊಂಡು ಹೋಗುತ್ತಿದ್ದೆ. ಕಾಪು ಕಡೆಯವರು, ಬಂದರಿನಲ್ಲಿ ಎಂಜಿನಿಯರ್ ಆಗಿದ್ದು ಆಮೇಲೆ ಅಬುಧಾಬಿಯ ರೀಮ್ ಐಲ್ಯಾಂಡಿನ ಕಂಪನಿಯೊಂದಕ್ಕೆ ಸೇರಿದ್ದರು. ಹೆಂಡತಿ ವಸಂತಿ. ಮಗಳು ದೀಕ್ಷಾಳಿಗೆ ಇಪ್ಪತ್ತಾರು ವರ್ಷ, ಹೊರಗೆ ಕಾಣಿಸಿಕೊಂಡದ್ದೇ ಕಡಿಮೆ. ಮನೆ ಮುಂದೆ ಒಂದು ಹಳೆಯ ಎರಡು ಚಕ್ರದ ಕ್ಯಾರವಾನ್. ಸುವರ್ಣರು ದಿನ ಬಿಟ್ಟು ದಿನ ಅದನ್ನು ಕಾರಿಗೆ ಕಟ್ಟಿ ಒಂದಿಷ್ಟು ಎಳೆದು ಬೇರೆ ಕಡೆ ನಿಲ್ಲಿಸುತ್ತಿದ್ದರು. ರೂಲ್ಸ್ ಪ್ರಕಾರ ಸರಿಯಿತ್ತು.

ನನ್ನ ಕೊನೆಯ ವರ್ಷ, ಗಾಡಿ ಅಲುಗಿದೆಯೇ ಎಂದು ತಿಳಿಯಲು ಇನ್‌ಸ್ಪೆಕ್ಟರುಗಳು ಟಯರಿಗೆ ಚಾಕ್ ಗೆರೆ ಎಳೆಯುತ್ತಾರೆ, ಕೊಳಕು ಮಾಡುತ್ತಾರೆ ಎಂದು ನಿವಾಸಿಗಳಿಂದ ದೂರಿನ ಮೇಲೆ ದೂರು. ವಾಲ್ವ್ ಗಡಿಯಾರವನ್ನು ಮನೆ ಮಾಲೀಕರ ಸಮಿತಿಯವರು ನಂಬಲಿಲ್ಲ, ಚಕ್ರ ಸುತ್ತಿ ಬಂದು ಅದೇ ಜಾಗದಲ್ಲಿ ನಿಂತಿರಬಹುದಲ್ಲ ಎಂದು ವಾದ. ಅಂಥ ಹೊತ್ತಿನಲ್ಲಿ ಆಯುಧ ಪೂಜೆ ಬಂತು. ಮರುದಿನ ನಾನು ಸುವರ್ಣರ ಮನೆ ಮುಂದೆ ಹಾದಾಗ ಕ್ಯಾರವಾನಿಗೆ ಚೆಂಡುಹೂವಿನ ಮಾಲೆ, ಕುಂಕುಮ, ಎರಡು ಚಕ್ರದ ಮುಂದೆ ಎರಡು ನಿಂಬೆಹಣ್ಣು. ಎರಡು ದಿನ ಬಿಟ್ಟು ನೋಡಿದೆ, ನಿಂಬೆ ಹಾಗೇ ಇದ್ದವು. ಮತ್ತೆರಡು ದಿನ ಬಿಟ್ಟು ನೋಡಿದೆ, ಬಿಸಿಲಿಗೆ ಸುಕ್ಕುಗಟ್ಟಿದ್ದವು, ಒಡೆದಿರಲಿಲ್ಲ.

ಪೂಜೆ ಮಾಡಿ ಚಕ್ರದಡಿ ನಿಂಬೆ ಇಟ್ಟ ಮೇಲೆ ಗಾಡಿ ಕದಲಿದರೆ ನಿಂಬೆ ಒಡೆಯಲೇಬೇಕು. ನಮ್ಮವರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ವರದಿಯಲ್ಲಿ ನಾನು ಹೆಮ್ಮೆಯಿಂದ ಬರೆದೆ: "ಚಕ್ರದಡಿಯ ನಿಂಬೆ ಒಡೆದಿಲ್ಲ. ಆದ್ದರಿಂದ ವಾಹನ ನಾಲ್ಕು ದಿನದಿಂದ ಚಲಿಸಿಲ್ಲ."

ಗ್ರಹಾಂ ಕರೆಸಿದರು. "ಈ ನಿಂಬೆ ಯಾವುದಕ್ಕೆ? ಇಲಿ ಓಡಿಸಲಿಕ್ಕಾ?" ಎಂದರು. ಪೂಜೆಯ ಕ್ರಮ ವಿವರಿಸಿದೆ. ಕುರ್ಚಿಗೆ ಒರಗಿ ನನ್ನ ವರದಿಯನ್ನು ಮತ್ತೊಮ್ಮೆ ಓದಿದರು. ಆಮೇಲೆ ಅವರ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಗುರುತು ಬೀಳುವುದಿಲ್ಲ, ಕೊಳಕಾಗುವುದಿಲ್ಲ, ಫೋಟೊದಲ್ಲಿ ಯಾರಿಗೂ ಅರ್ಥವಾಗುತ್ತದೆ! ಮರುವಾರವೇ ಆಫೀಸಿನ ಫ್ರಿಜ್ಜಿಗೆ ಒಂದು ಪೆಟ್ಟಿಗೆ ನಿಂಬೆಹಣ್ಣು ಬಂತು. ಅನುಮಾನ ಬಂದ ಪ್ರತಿ ಗಾಡಿಯ ಚಕ್ರದ ಮುಂದೆ ಇನ್‌ಸ್ಪೆಕ್ಟರುಗಳು ನಿಂಬೆ ಇಟ್ಟು ಫೋಟೊ ತೆಗೆಯಬೇಕು, ನಲವತ್ತೆಂಟು ಗಂಟೆ ಬಿಟ್ಟು ಮತ್ತೆ ತೆಗೆಯಬೇಕು ಎಂದು ಆದೇಶ. ಚಕ್ರ ಹತ್ತಿದ ನಿಂಬೆಗೂ ಬೇರೆ ರೀತಿ ಜಜ್ಜಿದ ನಿಂಬೆಗೂ ವ್ಯತ್ಯಾಸ ಗುರುತಿಸುವುದು ಹೇಗೆ ಎಂದು ಎಲ್ಲರಿಗೂ ಪಾಠ ಮಾಡಿದ್ದು ನಾನೇ. ಚಕ್ರ ಹತ್ತಿದರೆ ಹಣ್ಣು ಹಪ್ಪಳದಂತೆ ಚಪ್ಪಟೆಯಾಗಿ ನೆಲಕ್ಕೆ ಅಂಟುತ್ತದೆ, ಕಾಲಲ್ಲಿ ತುಳಿದರೆ ಒಂದೇ ಕಡೆ ಸಿಡಿದು ಬೀಜ ಹೊರಗೆ ಬರುತ್ತದೆ. ಫೋಟೊ ತೆಗೆದು, ಬಾಣದ ಗುರುತು ಹಾಕಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಇದರಲ್ಲಿ ತಮಾಷೆಯೂ ಆಯಿತು. ಜೆಟ್ ಸ್ಕೀ ಇಟ್ಟಿದ್ದ ಪುತ್ತೂರಿನವರ ಮನೆಯ ಅಜ್ಜಿ ಬೆಳಿಗ್ಗೆ ಟ್ರೇಲರಿನಡಿ ನಿಂಬೆ ಕಂಡು, ಯಾರೋ ಮಾಟ ಮಾಡಿಸಿದ್ದಾರೆ ಎಂದು ಮನೆಯವರನ್ನೆಲ್ಲ ಒಳಗೆ ಕೂಡಿಹಾಕಿದರು. ಅವರು ಗೇಟಿಗೆ ಫೋನು ಮಾಡಿದಾಗ ಎತ್ತಿದವರು ಹಮೀದಾಕ. "ಮಾಟ ಅಲ್ಲ ಅಮ್ಮ, ಅದು ಆಫೀಸಿನ ಲಿಂಬೆ" ಎಂದು ಸಮಾಧಾನ ಮಾಡಿದ್ದನ್ನು ನಗುನಗುತ್ತ ನನಗೆ ಹೇಳಿದರು. ಆಮೇಲೆ ನಗು ನಿಲ್ಲಿಸಿ, "ಆದ್ರೆ ಅಕ್ಕ, ದೇವರಿಗೆ ಇಟ್ಟದ್ದನ್ನು ಪೊಲೀಸ್ ಕೆಲ್ಸಕ್ಕೆ ಹಚ್ಚಿದ್ದು ನಂಗೆ ಸರಿ ಕಾಣುದಿಲ್ಲ" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸುವರ್ಣರ ಕ್ಯಾರವಾನನ್ನು ಅಷ್ಟರಲ್ಲಿ ಕ್ರೇನು ಎತ್ತಿಕೊಂಡು ಹೋಗಿತ್ತು. ನನ್ನ ವರದಿಯ ಮೇಲೆ, ನೋಟಿಸು ಅಂಟಿಸಿದ ಮರುದಿನವೇ. ಮೂರು ದಿನ ಕಳೆದು, ಅದನ್ನು ಬಿಡಿಸಿಕೊಳ್ಳುವ ಕಾಗದಕ್ಕೆ ಸಹಿ ಹಾಕಿಸಲು ನಾನು ಅವರ ಮನೆ ಗಂಟೆ ಒತ್ತಿದೆ. ವಸಂತಿ ಬಾಗಿಲು ತೆರೆದರು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವರು ತುಳುವಿನಲ್ಲೇ ಬಾಯಿ ಬಿಟ್ಟರು. ಅವತ್ತು ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀವು ನಮ್ಮ ಕಡೆಯವರೇ ಅಲ್ವಾ? ನಿಮ್ಮ ಹೆಸರು ಕಾಗದದಲ್ಲಿ ನೋಡಿದೆ. ಇವರು ಹೊಸ ಕೆಲ್ಸ ಅಂತ ಆ ವಾರ ಅಬುಧಾಬಿಯಲ್ಲೇ ಇದ್ರು. ನಂಗೆ ಡ್ರೈವಿಂಗ್ ಬರುದಿಲ್ಲ. ಇವರು ಬಂದ ಮೇಲೆ ಗಾಡಿ ಎಳೆದು ಲಿಂಬೆ ಒಡೆಯುವ ಅಂತ ಇಟ್ಟಿದ್ದೆ ಅಕ್ಕ. ಒಡೆಯದ ಲಿಂಬೆಯನ್ನು ತೆಗೀಲಿಕ್ಕೆ ಆಗ್ತದಾ ನೀವೇ ಹೇಳಿ. ಅದನ್ನೇ ಸಾಕ್ಷಿ ಮಾಡಿದ್ರಲ್ಲ! ಒಳಗೆ ಬನ್ನಿ. ಎಂತ ಮಾಡಿದ್ದೀರಿ ಅಂತ ನೋಡಿ ಹೋಗಿ."

ದೀಕ್ಷಾ ಹಾಲಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಗಂಜಿ ಆರಿ ಕೆನೆಗಟ್ಟಿತ್ತು. ಅವಳಿಗೆ ಆಟಿಸಂ. ಮಾತು ಇಲ್ಲವೆಂದೇ ಹೇಳಬೇಕು. ಮನೆಯ ಮಿಕ್ಸಿ, ಕಾಲಿಂಗ್ ಬೆಲ್, ಪಕ್ಕದ ಮನೆ ನಾಯಿ, ಯಾವ ಸದ್ದನ್ನೂ ಅವಳು ತಡೆಯಲಾರಳು. ಚಿಕ್ಕವಳಿದ್ದಾಗ ಸಮುದ್ರ ತೋರಿಸಲೆಂದು ತಂದ ಕ್ಯಾರವಾನಿನೊಳಗೆ ಮಾತ್ರ ಅವಳು ಸಮಾಧಾನದಿಂದ ಇರುತ್ತಿದ್ದಳು. ಹಗಲೆಲ್ಲ ಅಲ್ಲೇ. ಊಟ ಅಲ್ಲೇ. ಅವಳು ಸ್ನಾನಕ್ಕೆ ಹೋಗಿದ್ದಾಗ ಕ್ರೇನು ಅದನ್ನು ಎತ್ತಿಕೊಂಡು ಹೋದ ದಿನದಿಂದ ಒಂದು ತುತ್ತು ಇಳಿದಿರಲಿಲ್ಲ. ಡಾಕ್ಟರು ಮೂಗಿನ ಮೂಲಕ ನಳಿಗೆ ಹಾಕಬೇಕಾದೀತು ಎಂದಿದ್ದರಂತೆ. ನಾನು ಹೋಗಿ ಗಂಟೆ ಒತ್ತಿದ್ದಕ್ಕೆ ಅವಳು ಎರಡೂ ಕಿವಿ ಮುಚ್ಚಿಕೊಂಡು ತೂಗಾಡುತ್ತಿದ್ದಳು.

ಅವರು ಆ ಮನೆಗೆ ಬಂದ ಮೇಲೆ ಮೂರು ವರ್ಷ ಆ ಬೀದಿಯಲ್ಲಿ ಓಡಾಡಿದ್ದೆ, ಒಂದು ಸಲ ಒಳಗೆ ಹೋಗಿ ಚಾ ಕುಡಿದಿದ್ದರೆ ಇದು ಗೊತ್ತಾಗುತ್ತಿತ್ತು. ನನ್ನ ನಿಯತ್ತಿಗೆ ಅಂದೇ ಬೆಂಕಿ ಹಾಕಿದೆ.

ಕ್ಯಾರವಾನ್ ಮರುದಿನ ಬಂತು. ದೀಕ್ಷಾ ಒಳಗೆ ಹೋಗಿ ಗಂಜಿ ಕುಡಿದಳು. ಆದರೆ ಹೊಸ ತೊಂದರೆ ಶುರುವಾಯಿತು. ಮೊದಲು ಅವಳು ಸ್ನಾನಕ್ಕೆ ಮನೆಯೊಳಗೆ ಹೋದಾಗ ಅಪ್ಪ ಗಾಡಿ ಸರಿಸುತ್ತಿದ್ದರು. ಈಗ ಅವಳು ಹಗಲು ಹೊರಗೆ ಕಾಲಿಡುವುದನ್ನೇ ಬಿಟ್ಟಳು, ಮಲಗುವುದೂ ಅಲ್ಲೇ, ರಾತ್ರಿ ಸ್ವಲ್ಪ ಹೊತ್ತು ಮನೆಯೊಳಗೆ ಬಂದರೂ ಕಿಟಕಿಯಿಂದ ಗಾಡಿಯನ್ನೇ ಕಾಯುತ್ತಿದ್ದಳು. ಬಿಟ್ಟರೆ ಮತ್ತೆ ಕೊಂಡುಹೋಗುತ್ತಾರೆ ಎಂದು ಅವಳಿಗೆ ಗೊತ್ತಾಗಿತ್ತಲ್ಲ! ಗಾಡಿ ಒಂದು ಗೇಣು ಅಲುಗಿದರೂ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾಳೆ. ಸರಿಸುವಂತಿಲ್ಲ, ಸರಿಸದಿದ್ದರೆ ಎರಡನೇ ಸಲ ಕ್ರೇನು. ಎರಡನೇ ಸಲ ಹೋದರೆ ಯಾರ್ಡಿನಲ್ಲಿ ಒಂದು ತಿಂಗಳು ಎಂದು ನಿಯಮ.

ವಿನಾಯಿತಿ ಕೇಳಿ ಸಮಿತಿಗೆ ಅರ್ಜಿ ಬರೆಯಲು ನಾನೇ ಸುವರ್ಣರಿಗೆ ಹೇಳಿಕೊಟ್ಟೆ. ಡಾಕ್ಟರ ಪತ್ರವನ್ನೂ ಲಗತ್ತಿಸಿದರು. ಸಮಿತಿ ಸೇರಲು ಮೂರು ವಾರವಿತ್ತು. ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆ ಆ ಚಕ್ರದ ಮುಂದೆ ನಿಂಬೆ ಇಡಬೇಕಾದವಳು ನಾನೇ. "ಸ್ವಲ್ಪ ತಡೆಯಲು ಆಗುತ್ತದಾ?" ಎಂದು ಗ್ರಹಾಂರನ್ನು ಕೇಳಿದೆ.

"ಕಾಗದದಲ್ಲಿ ಏನಿದೆ?" ಎಂದರು.

ಸರಿ, ಕಾಗದ ಬೇಕಲ್ಲವೇ ನಿಮಗೆ, ಕೊಡುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ನಿಂಬೆ ಇಟ್ಟು ಫೋಟೊ ತೆಗೆದೆ. ನಲವತ್ತೆಂಟು ಗಂಟೆ ಬಿಟ್ಟು ಬೆಳಗಿನ ಹತ್ತಕ್ಕೆ ಹೋಗಿ, ನಿಂಬೆಯನ್ನು ಹೊರಗೆಳೆದು, ಬೂಟಿನ ಹಿಮ್ಮಡಿಯಿಂದ ಒತ್ತಿ ಅಪ್ಪಚ್ಚಿ ಮಾಡಿ, ಮತ್ತೆ ಟಯರಿಗೆ ತಾಗಿಸಿ ಇಟ್ಟು, ಫೋಟೊ ತೆಗೆದು ಬರೆದೆ: "ನಿಂಬೆ ಒಡೆದಿದೆ. ವಾಹನ ಚಲಿಸಿದೆ." ಹಾಡಹಗಲು, ನಡುಬೀದಿಯಲ್ಲಿ. ಹೀಗೆ ಮೂರು ವಾರ. ಹೊಸ ಹುಡುಗಿಯರೇ, ಸುಳ್ಳು ವರದಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಬರೆದರೆ ಯಾರಿಗಾಗಿ ಬರೆಯುತ್ತಿದ್ದೀರಿ ಎಂದು ತಿಳಿದಿರಲಿ, ಮತ್ತು ಸಿಕ್ಕಿಬಿದ್ದಾಗ ಅಳಬೇಡಿ.

ನಾನು ಸಿಕ್ಕಿಬಿದ್ದೆ. ಸಮಿತಿಯ ಸಭೆಗೆ ಎರಡು ದಿನವಿದ್ದಾಗ ಗ್ರಹಾಂ ಕರೆದು ನನ್ನದೇ ಎಂಟು ಫೋಟೊಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಪಕ್ಕದಲ್ಲಿ ನಾನು ಪಾಠ ಮಾಡಿದ ಬಾಣದ ಗುರುತಿನ ಫೋಟೊ. ಎಂಟೂ ನಿಂಬೆಗಳು ಒಂದೇ ಕಡೆ ಸಿಡಿದಿದ್ದವು, ಬೀಜ ಹೊರಗೆ ಬಂದಿದ್ದವು. ಒಂದು ಸಿಪ್ಪೆಯ ಮೇಲಂತೂ ಕಂಪನಿಯೇ ಕೊಟ್ಟ ಬೂಟಿನ ಅಡಿಯ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಚಕ್ರವನ್ನು ನೋಡುತ್ತ ನೋಡುತ್ತ ನನ್ನ ಕಾಲನ್ನೇ ಮರೆತಿದ್ದೆ.

"ಇದನ್ನು ನನಗೆ ಕಲಿಸಿದ್ದು ನೀನೇ" ಎಂದರು ಗ್ರಹಾಂ. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಹೌದು. ಚೆನ್ನಾಗಿ ಕಲಿತಿದ್ದೀರಿ."

"ಯಾಕೆ ಮಾಡಿದೆ?"

"ಆ ಹುಡುಗಿ ಊಟ ಮಾಡಲಿ ಅಂತ ಮಾಡಿದೆ. ಗೊತ್ತಿದ್ದೇ ಮಾಡಿದೆ. ಇನ್ನೂ ಮೂರು ವಾರ ಇದ್ದಿದ್ದರೆ ಇನ್ನೂ ಮೂರು ವಾರ ಮಾಡುತ್ತಿದ್ದೆ. ಇದನ್ನೂ ಬರೆದುಕೊಳ್ಳಿ."

ಬರೆದುಕೊಂಡರು. ನಿವೃತ್ತಿಗೆ ಆಗ ನನಗೆ ಐದು ತಿಂಗಳಿತ್ತು. ಮನೆಗೆ ಬಂದು ಹೇಳಿದಾಗ ಮಗಳು ಹಣೆ ಹಣೆ ಚಚ್ಚಿಕೊಂಡಳು. ಹಮೀದಾಕ ಮಾತ್ರ ಫೋನಿನಲ್ಲಿ, "ಖಲಾಸ್ ಅಂದ್ರೆ ಖಲಾಸ್ ಅಕ್ಕ. ನೀವು ಮಾಡಿದ್ದು ಸರಿ ಉಂಟು. ಸಭೆಗೆ ನಾನೂ ಬರ್ತೇನೆ, ಬಾಗಿಲ ಹತ್ರ ನಿಲ್ತೇನೆ" ಎಂದರು.

ಸಮಿತಿಯಲ್ಲಿ ಐದು ಮಂದಿ ಮನೆ ಮಾಲೀಕರು. ಅಧ್ಯಕ್ಷೆ ನರೆಗೂದಲಿನ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ಸುವರ್ಣ ದಂಪತಿ ತಲೆ ತಗ್ಗಿಸಿ ಕೂತಿದ್ದರು. ಅರ್ಜಿ ಓದಿ, ಅನುಕಂಪ ತಿಳಿಸಿ, ಮನರಂಜನಾ ವಾಹನಕ್ಕೆ ವಿನಾಯಿತಿ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದು ಒಬ್ಬರು ಹೇಳಿದರು. ನನ್ನನ್ನು ಕರೆಸಿದ್ದು ಸುಳ್ಳು ವರದಿಯ ವಿಚಾರಣೆಗೆ. ನಾನು ಎದ್ದು ನಿಂತವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ನಿಮ್ಮ ರೂಲ್ ಬುಕ್ಕಿನಲ್ಲಿ ಮನರಂಜನಾ ವಾಹನ ಎಂದಿದೆ. ಹದಿನೇಳು ವರ್ಷ ಆ ಪುಸ್ತಕ ಓದಿದ್ದೇನೆ. ನಾಳೆ ಮೂರು ಗಂಟೆಗೆ ಬಂದು ಆ ಕ್ಯಾರವಾನಿನೊಳಗೆ ಎಲ್ಲಿದೆ ಮನರಂಜನೆ, ನನಗೆ ತೋರಿಸಿ. ತೋರಿಸಿದರೆ ನಾನೇ ನೋಟಿಸು ಅಂಟಿಸುತ್ತೇನೆ."

"ಮನರಂಜನೆಯಲ್ಲದಿದ್ದರೆ ಅದೇನು?" ಎಂದರು ಅಧ್ಯಕ್ಷೆ.

"ಅವಳ ಕೋಣೆ."

"ಚಕ್ರವಿರುವ ಕೋಣೆಯೇ?" ಎಂದು ಒಬ್ಬರು ನಕ್ಕರು. ನಾನು ಅವರ ಕಡೆಗೇ ತಿರುಗಿದೆ.

"ನಿಮ್ಮ ಕ್ಲಬ್ ಹೌಸ್ ಮುಂದೆ ನೀಲಿ ಬಣ್ಣದಲ್ಲಿ ಪಾರ್ಕಿಂಗ್ ಬಿಟ್ಟಿದ್ದೀರಿ. ಈ ದೇಶದಲ್ಲಿ ಅಂಗವಿಕಲರು ಎಂದು ಹೇಳುವುದಿಲ್ಲ, ದೃಢಸಂಕಲ್ಪದ ಜನ ಎನ್ನುತ್ತಾರೆ. ಆ ಫಲಕ ನಿಲ್ಲಿಸಿದ ದಿನ ನೀವೆಲ್ಲ ಫೋಟೊ ತೆಗೆಸಿಕೊಂಡಿದ್ದೀರಿ, ನಾನೇ ಹೂಗುಚ್ಛ ಹಿಡಿದು ನಿಂತಿದ್ದೆ. ತನ್ನ ಕೋಣೆಗಾಗಿ ಮೂರು ದಿನ ಅನ್ನ ಬಿಟ್ಟವಳಿಗಿಂತ ಹೆಚ್ಚಿನ ದೃಢಸಂಕಲ್ಪ ಈ ಕೋಣೆಯಲ್ಲಿ ಯಾರಿಗಿದೆ?"

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, ನಾಳೆ ಮೂರು ಗಂಟೆ ಎಂದು ಬರೆದುಕೊಂಡರು. ಬಾಗಿಲ ಹತ್ತಿರ ಹಮೀದಾಕ ಕೆಮ್ಮಿದರು.

ಮರುದಿನ ಮೂರು ಗಂಟೆಗೆ ಅಧ್ಯಕ್ಷೆ ಬಂದರು, ಗ್ರಹಾಂ ಬಂದರು. ವಸಂತಿ ಹೇಳಿದಂತೆ ಇಬ್ಬರೂ ಚಪ್ಪಲಿ ಬಿಚ್ಚಿ, ಸದ್ದಿಲ್ಲದೆ ಕಿಟಕಿಯಿಂದ ನೋಡಿದರು. ದೀಕ್ಷಾ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ದಾರಕ್ಕೆ ಸಿಕ್ಕಿಸುತ್ತಿದ್ದಳು, ಹಸಿರಿನ ಪಕ್ಕ ಹಸಿರು, ಹಳದಿಯ ಪಕ್ಕ ಹಳದಿ. ಪಕ್ಕದಲ್ಲಿ ಖಾಲಿಯಾದ ಊಟದ ತಟ್ಟೆ. ಅಧ್ಯಕ್ಷೆ ತುಂಬಾ ಹೊತ್ತು ನಿಂತರು. ವಾರದ ಮೇಲೆ ಕಾಗದ ಬಂತು: ಆ ಮನೆಯ ಕ್ಯಾರವಾನ್ ಮನರಂಜನಾ ವಾಹನದ ವ್ಯಾಖ್ಯೆಯಡಿ ಬರುವುದಿಲ್ಲ, ಇದ್ದಲ್ಲೇ ಇರಬಹುದು, ವರ್ಷಕ್ಕೊಮ್ಮೆ ಅರ್ಜಿ ಹೊಸದು ಮಾಡಬೇಕು. ವರ್ಷಕ್ಕೊಮ್ಮೆ ಏಕೆ ಬೇಕು ಎಂದು ನನಗೆ ಈಗಲೂ ಸಿಟ್ಟಿದೆ.

ನನಗೂ ಒಂದು ಕಾಗದ ಬಂತು. ಕೊನೆಯ ಎಚ್ಚರಿಕೆ. ಗ್ರಹಾಂ ತಾವೇ ಕೈಯಲ್ಲಿ ಕೊಟ್ಟು, "ಇದು ಕಾಗದಕ್ಕಾಗಿ" ಎಂದರು. ಅದರ ಜೊತೆ ನನ್ನನ್ನು ಈಜುಕೊಳದ ರಿಜಿಸ್ಟರು ಬರೆಯುವ ಕೆಲಸಕ್ಕೆ ಹಾಕಿದರು, ನಿಂಬೆಯ ಪದ್ಧತಿಯನ್ನೂ ನಿಲ್ಲಿಸಿದರು. ಆ ಎಚ್ಚರಿಕೆ ಪತ್ರವನ್ನು ನಮ್ಮ ಬಟ್ಟೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ, ನೋಟಿಸಿಗೆ ಬಳಸುತ್ತಿದ್ದ ಅದೇ ಗೋಂದಿನಲ್ಲಿ. ಮಗಳು ಕೀಳಲು ಹೋಗಿ ಸೋತಿದ್ದಾಳೆ.

ಕೊನೆಯ ದಿನ ಆಫೀಸಿನಲ್ಲಿ ಕೇಕು ಕತ್ತರಿಸಿದರು. ಸಮವಸ್ತ್ರದಲ್ಲೇ, ಬೂಟಿನಲ್ಲೇ ನಾನು ಸುವರ್ಣರ ಬೀದಿಗೆ ಹೋದೆ. ವಸಂತಿ ಅಂಗಳಕ್ಕೆ ಬಂದರು. ಹೋಗಿ ಬರುತ್ತೇನೆ ಎಂದು ನಾನು ಹೇಳುತ್ತಿದ್ದಾಗ ಕ್ಯಾರವಾನಿನ ಬಾಗಿಲು ತೆರೆಯಿತು. ಅದು ಯಾರ್ಡಿನಿಂದ ಮರಳಿದ ದಿನದಿಂದ ಹಗಲಿನಲ್ಲಿ ಹೊರಗೆ ಕಾಲಿಡದ ದೀಕ್ಷಾ ಮೆಟ್ಟಿಲಿಳಿದು ಬಂದಳು. ನನ್ನ ಮುಖ ನೋಡಲಿಲ್ಲ. ಬಗ್ಗಿ, ಮುಷ್ಟಿ ಬಿಚ್ಚಿ, ನನ್ನ ಬಲಗಾಲಿನ ಬೂಟಿನ ಮುಂದೆ ಒಂದು ನಿಂಬೆಹಣ್ಣು ಇಟ್ಟಳು. ಸ್ವಲ್ಪ ಓರೆಯಾಯಿತೆಂದು ಬೆರಳಿಂದ ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ಕಾದು ನಿಂತಳು.

"ಕಿಟಕಿಯಿಂದ ಎಲ್ಲ ನೋಡಿದ್ದಾಳೆ ಅಕ್ಕ" ಎಂದರು ವಸಂತಿ. "ನೀವು ಒಡೆದದ್ದು ಎಂಟೂ ಸರ್ತಿ."

ಕಾಲೆತ್ತಿ ನಿಂಬೆಯ ಮೇಲಿಟ್ಟು, ಹಿಮ್ಮಡಿ ಊರಿ, ಪೂರ್ತಿ ಒಡೆಯುವ ತನಕ ಒತ್ತಿದೆ. ದೀಕ್ಷಾ ಬಗ್ಗಿ ನೋಡಿ, ಒಡೆದದ್ದು ಖಾತ್ರಿಯಾದ ಮೇಲೆ ತನ್ನ ಕೋಣೆಗೆ ಹತ್ತಿ ಬಾಗಿಲು ಹಾಕಿಕೊಂಡಳು. ಆ ದಿನ ನಾನು ಫೋಟೊ ತೆಗೆಯಲಿಲ್ಲ.